ಬಾಗಲದಾಗ ನಿಂತು ‘ಹೊಕ್ಕೀನಿ’ ಅನಬಾರದು

ಇವತ್ತ ಸಂಜಿಮುಂದ ದೇವರ ಜಗಲಿ ತೊಳಿಯೂ ಪಾಳಿ ನನಗ ಬಂತು. ನಮ್ಮ ಬನಹಟ್ಟಿ ಮನ್ಯಾಗ ಅದು ವೈನಿ ಕೆಲಸ. ವೈನಿ ಅಂದ್ರ ನಮ್ಮ ಅಣ್ಣನ ಹೆಂಡತಿ, ಹೆಸರು ನಿರ್ಮಲಾ. ಆಕಿ ಮದಿವ್ಯಾಗಿ ಬಂದಾಗಿಂದ ಆ ಜಗಲಿ ತೊಳಿಯಾಕ ಬ್ಯಾರೆಯವರ ಕೈ ಹತ್ತಿಲ್ಲ. ಆದ್ರ ನಾಳೆ ಮುಂಜಾನೆ ವೈನಿ ಬೆಳಗಾವಿಗೆ ಹೊಕ್ಕಾಳ, ಹೊಟ್ಟ್ಯಾಗಿನ ಗಡ್ಡಿ ತಗಸಾಕ. ಅಯ್ಯಯ್ಯ, ನೋಡ್ರಿ, ಬರಿಯೂದ್ರಾಗೂ ತಪ್ಪಿದೆ. ಹೊಕ್ಕಾಳ ಅಲ್ಲ, ಹೋಗಿ ಬರ್ತಾಳ. ನೀವು ನಗ್ತೀರಿ, ನನಗ ಗೊತ್ತೈತಿ. ಒಂದು ಮಾತಿಗೆ ನಾ ಯಾಕ ಇಷ್ಟು ಅಂಜ್ತೀನಿ ಅನ್ನೂದನ್ನ ಹೇಳಾಕ ಕುಂತೀನಿ. ಹೇಳಿ ಮುಗಿಸಿದ ಮ್ಯಾಲೂ ನಗು ಬಂದ್ರ ಆವಾಗ ನಗ್ರಿ.

ಜಗಲಿ ಮ್ಯಾಲ ಸಣ್ಣ ಬೆಳ್ಳಿ ಬಟ್ಟಲದಾಗ ಒಂದು ‘ಸ್ಫಟಿಕ’ ಐತಿ. ನಮ್ಮವ್ವ ಅದಕ್ಕ ಹಂಗ ಅಂತಾಳ. ದಿನಾ ಕುಂಕುಮ ಹಚ್ಚಿ ಒಂದು ಹೂವು ಏರಿಸ್ತಾಳ. ನಾ ಅದನ್ನ ಎತ್ತಿದ ಕೂಡ್ಲೇ ಒಳಗಿಂದ ಕೂಗಿದ್ಳು: “ಸಾವಕಾಶ ತೊಳಿಯೋ, ಪುಣೇದ್ದು ಅದು!” ಇಪ್ಪತ್ತು ಮುಖ, ಪ್ರತಿ ಮುಖಕ್ಕ ಒಂದು ಅಂಕಿ, ಅಂಕಿ ಕೊರದ ಗೆರ್ಯಾಗ ವರ್ಷಗಟ್ಟಲೆ ಕುಂತ ಕುಂಕುಮ. ಸ್ಫಟಿಕ ಅಲ್ರಿ ಅದು, ಪ್ಲಾಸ್ಟಿಕ್ಕು. ಆಟದ ದಾಳ. ಅವ್ವಗ ಈತನಕ ಯಾರೂ ಹೇಳಿಲ್ಲ, ನಾನೂ ಹೇಳಾಂವ ಅಲ್ಲ. ಕೂದಲು ಬೆಳ್ಳಗಾದ ಮನಷ್ಯಾ ನಾನು, ಒಂದು ಪ್ಲಾಸ್ಟಿಕ್ ದಾಳ ಕೈಯಾಗ ಹಿಡದು ಅಂಜಿ ನಿಂತಿದ್ದೆ.

ಅದನ್ನ ತಂದಾಂವ ಪ್ರಕಾಶ, ನಮ್ಮ ಕಾಕಾನ ಮಗ. ಪುಣೇಕ ಇಂಜಿನಿಯರಿಂಗ್ ಕಲಿಯಾಕ ಹೋಗಿ, ಪರೀಕ್ಷೆದಾಗ ಸಿಗಬಿದ್ದು, “ಮಗ್ಗದ ಶೆಡ್ಡು ನಾ ನೋಡ್ಕೊಂತೀನಿ” ಅಂತ ದೊಡ್ಡ ಮನಸ್ಸು ಮಾಡಿದವರಂಗ ಹೊಳ್ಳಿ ಬಂದಿದ್ದ. ಅವನ ಟ್ರಂಕಿನ್ಯಾಗ ಪುಸ್ತಕಕ್ಕಿಂತ ದಾಳ ಜಾಸ್ತಿ ಇದ್ವು. ನಂದು ಬಿ.ಎಸ್ಸಿ. ಮುಗದಿತ್ತು, ಕೆಲಸ ಸಿಕ್ಕಿರಲಿಲ್ಲ. ಜಮಖಂಡಿಗೆ ಹೋಗಿ ಅರ್ಜಿ ಹಾಕೂದು, ಹೊಳ್ಳಿ ಬಂದು ಚಾ ಕುಡಿಯೂದು, ಇದ ನನ್ನ ಉದ್ಯೋಗ. ಮೂರನೇದಾಂವ ಶಬ್ಬೀರ, ಬಾಜೂ ಓಣ್ಯಾಂವ, ಕೆಟ್ಟ ಮಗ್ಗ ರಿಪೇರಿ ಮಾಡಾಂವ. ಕರೆಂಟು ಹೋದ್ರ ಅವಗೂ ಕೆಲಸಿಲ್ಲ, ಪ್ರಕಾಶಗೂ ಕೆಲಸಿಲ್ಲ. ಆ ದಿನದಾಗ ಕರೆಂಟು ಬಾಳ ಹೋಗ್ತಿತ್ತು.

ಪಾವರ್‌ಲೂಮಿನ ಊರಾಗ ಇರದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಖಟಕ್ ಖಟಕ್ ಅಂತ ಓಣಿ ತುಂಬ ಮಗ್ಗ ಬಡಿಯೂದು ನಮಗ ಕೇಳಸೂದ ಇಲ್ಲ, ಅಷ್ಟು ರೂಢಿ. ಅದರ ಮ್ಯಾಲ ದನಿ ಏರಿಸಿ ಮಾತಾಡಿ ಮಾತಾಡಿ, ಬ್ಯಾರೆ ಊರಿನ ಬೀಗರ ಮನ್ಯಾಗ “ಯಾಕ ಜಗಳಾಡಾಕತ್ತೀರಿ?” ಅನಸ್ಕೊಂತೀವಿ. ಮಟಮಟ ಮಧ್ಯಾಹ್ನ ಕರೆಂಟು ಹೋತಂದ್ರ ಇಡೀ ಓಣಿ ಒಮ್ಮಿಗಲೆ ಬಾಯಿ ಮುಚ್ಚತೈತಿ. ಆವಾಗ ನಿಮ್ಮ ಉಸರು ನಿಮಗ ಕೇಳ್ತೈತಿ. ಗ್ವಾಡಿ ಆಚೀಕ ಯಾರರೆ ಹೆಜ್ಜಿ ಇಟ್ರ ಅದೂ ಕೇಳ್ತೈತಿ. ನಮ್ಮ ಆಟ ನಡದದ್ದೆಲ್ಲಾ ಆ ಹೊತ್ತಿನ್ಯಾಗ, ಶೆಡ್ಡಿನ್ಯಾಗ, ನಿಂತ ಮಗ್ಗದ ನಡುವ ಚಾಪಿ ಹಾಸ್ಕೊಂಡು.

ಆಟ ಅಂದ್ರ ಹಿಂಗ. ಒಬ್ಬರು ಕಥಿ ಹೇಳಬೇಕು, ಉಳದವರು ಅದರಾಗ ಒಂದೊಂದು ಪಾತ್ರ ಆಗಬೇಕು. ಕಥಿ ಹೇಳಾಂವ “ಮುಂದ ಗವಿ ಐತಿ” ಅಂತಾನ. ನೀವು “ಒಳಗ ನಡೀತೀನಿ” ಅನಬೇಕು, ಇಲ್ಲಾ “ಓಡ್ತೀನಿ” ಅನಬೇಕು. ಬೀಸಿದ ಕತ್ತಿ ತಾಗಿತೋ ಇಲ್ಲೋ, ಜಿಗದ ಹಳ್ಳ ದಾಟಿದ್ರ್ಯೋ ಬಿದ್ರ್ಯೋ, ಅದನ್ನ ದಾಳ ಹೇಳ್ತೈತಿ. ದೊಡ್ಡ ಅಂಕಿ ಬಿದ್ರ ಬಚಾವು, ಸಣ್ಣದು ಬಿದ್ರ ಭಾನಗಡಿ. ಕಾಯಿ ಇಲ್ಲ, ಪಟ ಇಲ್ಲ, ಬರೇ ಬಾಯಿ. ಕಥಿ ಹೇಳಾವಗ ಪುಣೇದಾಗ ಏನೋ ಇಂಗ್ಲಿಷ್ ಹೆಸರಿತ್ತಂತ. ನಾವು ಬಯಲಾಟ ನೋಡಿ ಬೆಳದ ಮಂದಿ, “ಭಾಗವತ” ಅಂದ್ವಿ. ನನ್ನ ಪಾತ್ರದ ಹೆಸರು ವೀರಕೇಸರಿ. ಹೆಸರು ಕೇಳಿ ಮೋಸ ಹೋಗಬ್ಯಾಡ್ರಿ, ಅಂವ ಎಲ್ಲಾರಕಿಂತ ಹಿಂದ ನಡಿಯಾಂವ.

ಮೊದಲ ಭಾಗವತ ಪ್ರಕಾಶನ. ಅವನ ಕಥ್ಯಾಗ ರಾಕ್ಷಸರಿಗೆ ಬರಗಾಲ ಇರಲಿಲ್ಲ. ಏಳು ತಲಿ ಹಾವು, ಬೆಂಕಿ ಉಗುಳೂ ಹಲ್ಲಿ, ಒಂದರ ಹಿಂದ ಒಂದು. “ಹಲ್ಲಿ ಎಷ್ಟು ದೊಡ್ಡದೈತ್ಯೋ?” ಅಂತ ಶಬ್ಬೀರ ಕೇಳಿದ್ರ “ಸಾವಳಗಿ ಬಸ್ಸಿನಷ್ಟು!” ಅಂತ ಪ್ರಕಾಶ ಕಣ್ಣು ಅಗಲ ಮಾಡಾಂವ. “ಹಂಗಾರ ಸೀಟು ಹಿಡಿ ನಂದೊಂದು” ಅಂತ ಶಬ್ಬೀರ ಆಕಳಿಸಾಂವ. ಯಾವನರೆ ಸತ್ರ ಪ್ರಕಾಶನ ಕಡೆ ಅಮೃತದ ಬಾಟ್ಲಿ ತಯಾರ ಇರ್ತಿತ್ತು, ಎರಡು ಹನಿ ಬಿಟ್ರ ಎದ್ದು ಕುಂದ್ರಬೇಕು. ನಾವು ಶೇಂಗಾ ತಿನಕೋಂತ ಸಾಯ್ತಿದ್ವಿ, ಶೇಂಗಾ ತಿನಕೋಂತ ಏಳ್ತಿದ್ವಿ.

ವೈನಿ ಅಲ್ಲೇ ಬಾಗಲದ ಬೆಳಕಿನ್ಯಾಗ ಕುಂತು ಕೈ ರಾಟಿ ಮ್ಯಾಲ ಕಂಡಿಕಿ ಸುತ್ತತಿದ್ಳು, ಮಗ್ಗದ ಲಾಳಿಯೊಳಗ ಇಡೂ ನೂಲಿನ ಕಂಡಿಕಿ. ಬಿ.ಎ. ಪಾಸಾದಾಕಿ, ಬಾಯಿ ಅಂದ್ರ ಹರದ ಬಾಯಿ, ತನ್ನ ಶಾಣ್ಯಾತನದ ಬಗ್ಗೆ ಆಕಿಗೆ ಎಳ್ಳಷ್ಟೂ ಸಂಶೇ ಇರಲಿಲ್ಲ. ಒಂದು ದಿನ ರಾಟಿ ನಿಲ್ಲಿಸಿ ಅಂದ್ಳು: “ಪ್ರಕಾಶಾ, ಇದಕ್ಕ ಯಾರ ಅಂಜ್ತಾರೋ? ನಮ್ಮೂರಾಗ ನಾ ಕಥಿ ಹೇಳಿದ್ರ ಹುಡುಗ್ರು ಚಡ್ಡ್ಯಾಗ ಉಚ್ಚಿ ಹೊಯ್ಕೊಂತಿದ್ವು. ತಾ ಇಲ್ಲೆ ಆ ದಾಳಾ.” ಪ್ರಕಾಶ ನಕ್ಕೋಂತ ಕೊಟ್ಟ. ಆಮ್ಯಾಲ ಅಂವ ಬಾಳ ದಿನ ನಗಲಿಲ್ಲ.

ಆಕಿ ಕಥಿ ಶುರುವಾಗಿದ್ದು ಹೊಳಿ ದಂಡಿ ಮ್ಯಾಲಿನ ಒಂದು ಊರಿನ್ಯಾಗ. ರಾಕ್ಷಸ ಇಲ್ಲ, ಹಾವಿಲ್ಲ. ದನಿ ಏರಿಸಲಿಲ್ಲ ಆಕಿ, ಇನ್ನಷ್ಟು ಇಳಿಸಿದ್ಳು, ನಾವು ಮುಂದ ಬಾಗಿ ಕೇಳಬೇಕಾತು. “ಊರ ಅಗಸಿ ತಗದೈತಿ. ಓಣ್ಯಾಗ ಯಾರೂ ಇಲ್ಲ. ಮೊದಲನೇ ಮನಿ ಬಾಗಲಾ ತಗದೈತಿ. ಹೋಗ್ತೀರೇನು?” ಹೋದ್ವಿ. “ಒಲಿ ಉರಿಯಾಕತ್ತೈತಿ. ಹಂಚಿನ ಮ್ಯಾಲ ರೊಟ್ಟಿ ಐತಿ. ಒಂದು ಮಗ್ಗಲಾ ಬೆಂದೈತಿ. ಇನ್ನೊಂದು ಮಗ್ಗಲಾ ಯಾರೂ ಹೊಳ್ಳಿಸಿ ಹಾಕಿಲ್ಲ.” ಅಷ್ಟ ಹೇಳಿ ರಾಟಿ ತಿರುವಿದ್ಳು. ಶೇಂಗಾ ತಿನ್ನೂ ಶಬ್ಬೀರನ ಬಾಯಿ ನಿಂತಿತು. ದಿನಾ ನೋಡೂ ರೊಟ್ಟಿ ಅದು. ಹಂಚಿನ ಮ್ಯಾಲ ರೊಟ್ಟಿ ಹಾಕಿದ ಹೆಣಮಗಳು ಅದನ್ನ ಹೊಳ್ಳಿಸದಂಗ ಎಲ್ಲಿಗೆ ಎದ್ದು ಹೋಗ್ತಾಳ್ರಿ? ಎರಡನೇ ಮನ್ಯಾಗ ತೊಟ್ಟಿಲಾ ತೂಗಾಕತ್ತಿತ್ತು. ಮೂರನೇ ಮನಿ ಒಳಗ ನಾವು ಹೋಗಲಿಲ್ಲ.

ಅಂಜಿಕಿ ಹೆಂಗ ಹುಟ್ಟತೈತಿ ಅಂತ ನಾ ಆಮ್ಯಾಲ ಬಾಳ ವಿಚಾರ ಮಾಡೀನಿ. ಬಸ್ಸಿನಷ್ಟು ಹಲ್ಲಿ ನಾವು ಯಾವತ್ತೂ ನೋಡಿಲ್ಲ, ನಾಳೆ ನೋಡಾವರೂ ಅಲ್ಲ, ಅದರ ಅಂಜಿಕಿ ಕಥ್ಯಾಗ ಹುಟ್ಟಿ ಕಥ್ಯಾಗ ಸಾಯ್ತೈತಿ. ರೊಟ್ಟಿ ಹಂಗಲ್ಲ. ಆಟ ಮುಗಿಸಿ ಒಳಗ ಊಟಕ್ಕ ಕುಂತ್ರ ಎದುರಿಗೇ ಹಂಚು, ಹಂಚಿನ ಮ್ಯಾಲ ರೊಟ್ಟಿ, ಅವ್ವ ಒಂದು ಗಳಿಗಿ ನೀರು ತರಾಕ ಎದ್ಳು ಅಂದ್ರ ನಾನ ಓಡಿ ಹೋಗಿ ರೊಟ್ಟಿ ಹೊಳ್ಳಿಸಿ ಹಾಕ್ತಿದ್ದೆ. ಹಿತ್ತಲಕ ಹೋಗಾಕ ಅಂಜಿ, ಮೀಸಿ ಬಂದ ಗಂಡಸು ನಾನು, ಹಾಡಾ ಹಗಲ “ಅವ್ವಾ, ಸ್ವಲ್ಪ ಬಾಗಲದಾಗ ನಿಂದ್ರು ಬಾ” ಅಂದಿದ್ದೆ. ಅವ್ವ ನಿಂತ್ಳು. ಆಮ್ಯಾಲ ಓಣಿ ತುಂಬ ಹೇಳಿದ್ಳು.

ವೈನಿ ಎರಡು ಮಾತು ಮೊದಲ ಖಡಕ್ಕಾಗಿ ಹೇಳಿದ್ಳು. ಸತ್ತಾಂವ ಸತ್ತ, ಅಮೃತದ ಬಾಟ್ಲಿ ಬಂದ್. ಇನ್ನೊಂದು, ಭಾಗವತ ಬೇಕಾದ್ದು ಮುಚ್ಚಿಡಬಹುದು, ಆದ್ರ ಸುಳ್ಳು ಹೇಳಂಗಿಲ್ಲ. “ನೀವು ಕೇಳ್ರಿ, ನಾ ಖರೆ ಹೇಳ್ತೀನಿ. ನೀವು ಕೇಳಲಿಲ್ಲಂದ್ರ ಅದು ನಿಮ್ಮ ಹಣೇಬರ.” ಪ್ರಕಾಶನ ಪಾತ್ರ ಹೊಳಿ ದಾಟಾಕ ಹೋತು. ನೀರು ಎಷ್ಟು ಆಳ ಐತಿ ಅಂತ ಅಂವ ಕೇಳಲಿಲ್ಲ. ದಾಳ ಹಾಕಿದ, ಒಂದು ಬಿತ್ತು. “ಆತು, ಮುಳುಗಿದ” ಅಂದ್ಳು ವೈನಿ, ನೂಲು ಹರದ್ರ ಹೇಳೂವಂಗ. “ವೈನಿ, ಇನ್ನೊಮ್ಮೆ ಹಾಕ್ತೀನ್ರಿ” ಅಂತ ಪ್ರಕಾಶ ಕೈ ಮುಗದ. “ಹಾಕು, ಯಾರ ಬ್ಯಾಡಂದಾರ? ಅಂವ ಅಂತೂ ಸತ್ತಾನ.” ಪುಣೇದಿಂದ ಜೋಪಾನ ಮಾಡಿ ತಂದಿದ್ದ ಪಾತ್ರ ಅದು. ಆವತ್ತು ಮಧ್ಯಾಹ್ನ ಪ್ರಕಾಶ ಉಣ್ಣಲಿಲ್ಲ. ನಾವೂ ಆವತ್ತಿಂದ ಒಂದೊಂದು ಹೆಜ್ಜಿಗೆ ಹತ್ತು ಸಲ ಕೇಳಾಕ ಶುರು ಮಾಡಿದ್ವಿ.

ಈಗ ಆ ಮಾತಿಗೆ ಬರ್ತೀನಿ. ನಿಮ್ಮ ಕಡೆ ಹೆಂಗೋ, ನಮ್ಮ ಕಡೆ ಮನಿಯಿಂದ ಹೊರಗ ಬೀಳಾಂವ “ಬರ್ತೀನಿ” ಅನಬೇಕು. ಊರಿಗೆ ಹೋಗಾವರು “ಹೋಗಿ ಬರ್ತೀನಿ” ಅನಬೇಕು. “ಹೋಗ್ತೀನಿ” ಅನ್ನೂದಕ್ಕ ನಮ್ಮ ಬಾಯಾಗ “ಹೊಕ್ಕೀನಿ” ಅಂತ ಬರ್ತೈತಿ. ಪ್ಯಾಟಿಗೆ ಹೊಕ್ಕೀನಿ, ಸಾಲಿಗೆ ಹೊಕ್ಕೀನಿ, ದಿನಕ್ಕ ನೂರು ಸಲ ಅಂತೀವಿ, ಆದ್ರ ಹೊಚ್ಚಲದ ಮ್ಯಾಲ ನಿಂತು ಬರೇ ಅಷ್ಟ ಅನಂಗಿಲ್ಲ. ಸಣ್ಣಾವರಿದ್ದಾಗ ಅಂದ್ರ ಅವ್ವ ತಲಿಗೊಂದು ಬಿಗೀತಿದ್ಳು.

ವೈನಿ ಕಥ್ಯಾಗಿನ ಊರು ಖಾಲಿ ಆಗಿದ್ದು ಯಾಕಂತ ನಮಗ ಸಾವಕಾಶ ತಿಳೀತು. ಅಲ್ಲಿ ಏನೋ ಒಂದು ಇತ್ತು. ಅದಕ್ಕ ಆಕಿ ಹೆಸರಿಡಲಿಲ್ಲ, ಮಾರಿ ಹೇಳಲಿಲ್ಲ. ಅದು ಮನಿಯವರ ದನಿಯೊಳಗ ಮಾತಾಡ್ತಿತ್ತು. ಗಂಡನ ದನಿಯೊಳಗ ನೀರು ಬೇಡ್ತಿತ್ತು, ಮಗಳ ದನಿಯೊಳಗ ಅಳ್ತಿತ್ತು. ಒಂದ ಮಾತು ಅದರ ಬಾಯಾಗ ಬರ್ತಿರಲಿಲ್ಲ: “ಬರ್ತೀನಿ.” ಎದ್ದು ನಡದಾಗ “ಹೊಕ್ಕೀನಿ” ಅಂತಿತ್ತು. ಅಲ್ಲೇ ಅದರ ಗುರುತು. ನಾವು ಅಡಗಿಕೊಂಡ ಮನಿ ಹೊರಗ ಅದು ಬಂದು ನಿಂತು “ಹೊಕ್ಕೀನಿ” ಅಂದಾಗೆಲ್ಲ ನಾವು ಅಬ್ಬಾ ಅಂತ ಉಸರು ಬಿಡ್ತಿದ್ವಿ. ಹೋತು, ಬಚಾವಾದ್ವಿ.

ಹಿಂಗ ಎಷ್ಟೋ ಮಧ್ಯಾಹ್ನ ನಡೀತು. ಒಂದು ದಿನ ಶಬ್ಬೀರ ತಲಿ ಕೆರಕೊಂಡು ಕೇಳಿದ: “ಭಾಬಿ, ಅದು ಹೊಕ್ಕೀನಿ ಅಂತೈತಲ್ಲ. ಅಂದ್ರ ಹೋಗ್ತೀನಿ ಅಂತನೋ, ಒಳಗ ಹೊಕ್ಕೀನಿ ಅಂತನೋ?”

ವೈನಿ ರಾಟಿ ನಿಲ್ಲಿಸಿ ಅವನ ಮಾರಿ ನೋಡಿದ್ಳು. “ಈಗ ಕೇಳಿದಿ ನೋಡು” ಅಂದ್ಳು.

ನೀವ ವಿಚಾರ ಮಾಡ್ರಿ. ಬಂದೀನಿ ಅಂದ್ರ ಬಂದಾತು, ಕುಂತೀನಿ ಅಂದ್ರ ಕುಂತಾತು, ಹೊಕ್ಕೀನಿ ಅಂದ್ರ ಹೊಕ್ಕಾತು! ಹಾವು ಮನಿ ಹೊಕ್ಕೈತಿ ಅಂತೀವಲ್ಲ, ಆ ಹೊಕ್ಕೂದು. ಹೋಗೂದಕ್ಕೂ ಒಳಗ ಬರೂದಕ್ಕೂ ನಮ್ಮ ಬಾಯಾಗ ಒಂದ ಮಾತು, ಹುಟ್ಟಿದಾಗಿಂದ ಆಡಿದ್ರೂ ಅದು ನಮಗ ಹೊಳದಿರಲಿಲ್ಲ. ಹೋತು ಹೋತು ಅಂತ ನಾವು ಉಸರು ಬಿಟ್ಟಾಗೆಲ್ಲ ಅದು ಒಳಗ ಬಂದಿತ್ತು. ಆಕಿ ಸುಳ್ಳು ಹೇಳಿರಲಿಲ್ಲ, ನಾವ ಕೇಳಿರಲಿಲ್ಲ. “ಹಂಗಾರ ಈಗ ಅದು ಎಲ್ಲೈತ್ರಿ?” ಅಂತ ಪ್ರಕಾಶ ಕೇಳಿದ. “ನೀವು ಮೂರು ಮಂದಿ ಅಡಗಿದ ಮನ್ಯಾಗ ಎಷ್ಟು ಮಂದಿ ಅದೀರಿ, ಎಣಿಸಿದ್ರೇನು?” ಅಂದ್ಳು. ಯಾರೂ ಎಣಸಲಿಲ್ಲ. ಶಬ್ಬೀರ ಚಪ್ಪಲಿ ಮೆಟ್ಟಿ “ಬರ್ತೀನ್ರಿ ಭಾಬಿ, ಬರ್ತೀನಿ, ಖರೆನ ಬರ್ತೀನಿ” ಅಂತ ಮೂರು ಸಲ ಹೇಳಿ ಬಿಸಲಾಗ ಮನಿಗೆ ಓಡಿದ.

ಆಮ್ಯಾಲ ಆಟ ಶೆಡ್ಡಿನಿಂದ ಮನಿಯೊಳಗ ಬಂತು. ಯಾರರೆ ಹೊರಗ ಬೀಳಾಕತ್ರ ಉಳದವರ ಕಿವಿ ನೆಟ್ಟಗಾಗ್ತಿದ್ವು. “ಬರ್ತೀನಿ” ಅಂದ ಮ್ಯಾಲ ಕೆಲಸಕ್ಕ ಹತ್ತತಿದ್ವಿ. ಆಟ ಗೊತ್ತಿಲ್ಲದ ಅವ್ವ “ಏನಾಗೈತಿ ಇವಕ್ಕ, ಬಾಳ ಸಂಸ್ಕಾರ ಬಂದಾವು” ಅಂತ ಖುಷಿಪಟ್ಳು. ಅಣ್ಣ ಮಾತ್ರ ನಗಾಂವ. ಅಂವ ಸೀರಿ ವ್ಯಾಪಾರದಾಂವ, ದಿನಾ ತಿರಗಾಂವ, ಇಂಥಾದ್ದಕ್ಕೆಲ್ಲ ಪುರಸೊತ್ತಿಲ್ಲದಾಂವ.

ಆವತ್ತು ಮಳಿಗಾಲ. ಮಹಾರಾಷ್ಟ್ರದ ಕಡೆ ಡ್ಯಾಮಿನ್ಯಾಗಿಂದ ನೀರು ಬಿಟ್ಟಾರ ಅಂತ ಸುದ್ದಿ ಇತ್ತು, ರಬಕವಿ ಕಡೆ ಹೊಳಿ ದಂಡಿ ತುಂಬಿ ಹರಿಯಾಕತ್ತಿತ್ತು. ಕರೆಂಟು ಹೋಗಿ ನಾವು ಚಾಪಿ ಮ್ಯಾಲ ಕುಂತಿದ್ವಿ. ವೈನಿ ಕಥಿ ಊರಿನ ಕಟ್ಟಕಡೀ ಮನಿಗೆ ಬಂದಿತ್ತು. ದೊಡ್ಡ ಕಟಗಿ ಬಾಗಲಾ, ಮುಚ್ಚೈತಿ. ಆ ಊರಾಗ ಮುಚ್ಚಿದ ಬಾಗಲಾ ಅಂದ್ರ ಅದೊಂದ. “ಬಾಗಲಾ ಬಡೀತೀನಿ” ಅಂದೆ, ಯಾವ ಹುಚ್ಚ ಧೈರ್ಯವೋ ಏನೋ. ದಾಳ ಹಾಕಿದೆ, ಎರಡು ಬಿತ್ತು.

“ಒಳಗಿಂದ ಚಿಲಕಾ ಹಾಕೈತಿ. ಒಳಗೊಂದು ದನಿ ಐತಿ. ಹೊಕ್ಕೀನಿ ಅಂತು” ಅಂದ್ಳು ವೈನಿ.

“ಯಾರ ದನಿ?” ಅಂದೆ. ಕೇಳಿದ್ರ ಆಕಿ ಖರೆ ಹೇಳಾಕಿ ಅನ್ನೂದನ್ನ ಮರತು ಕೇಳಿಬಿಟ್ಟೆ.

“ನಿಂದು” ಅಂದ್ಳು.

ಅದ ಹೊತ್ತಿಗೆ ಅಣ್ಣ ಸೀರಿ ಗಂಟು ಹೆಗಲಿಗೆ ಹಾಕ್ಕೊಂಡು ನಮ್ಮನ್ನ ದಾಟಿ ಹೊಂಟ. ಹೊಳಿ ಆಚೀ ದಂಡಿ ಊರಾಗ ಒಬ್ಬರ ಮನ್ಯಾಗ ಬಸರಿ ಹೆಣ್ಣಿನ ಕುಬಸ, ಆವತ್ತ ಸೀರಿ ಮುಟ್ಟಸಬೇಕಿತ್ತು. ಬಾಗಲದಾಗ ನಿಂತ, ನಮ್ಮ ಬಿಳಚಿದ ಮಾರಿ ನೋಡಿದ, ಗಂಟಲಾ ದಪ್ಪ ಮಾಡಿ “ಹೊಕ್ಕೀನೀ...” ಅಂದ. ತನ್ನ ಚ್ಯಾಷ್ಟಿಗೆ ತಾನ ನಕ್ಕೋಂತ ಓಣಿ ಹಿಡದ.

ವೈನಿ ಎದ್ಳು. ಬಾಗಲತನಕ ಓಡಿ “ಏನ್ರೀ, ಹಂಗಲ್ಲರಿ, ಹೊಳ್ಳಿ ಬಂದು ಹೇಳ್ರಿ” ಅಂತ ಕೂಗಿದ್ಳು. ಅಷ್ಟರಾಗ ಕರೆಂಟು ಬಂತು. ಓಣಿಯ ಮಗ್ಗೆಲ್ಲ ಒಮ್ಮಿಗಲೆ ಬಡಿಯಾಕತ್ವು. ಆಕಿ ದನಿ ಅಣ್ಣಗ ಕೇಳಲಿಲ್ಲ.

ಹೊತ್ತು ಇಳಿಯೂಮುಂದ ಪ್ಯಾಟಿಯಿಂದ ಬಂದಾಂವೊಬ್ಬ ಓಣ್ಯಾಗ ಹೇಳಿದ: ಹೊಳ್ಯಾಗ ದೋಣಿ ಮಗಚೇತಂತ. ಯಾವ ದೋಣಿ, ಯಾರಿದ್ರು, ಅವಗ ಗೊತ್ತಿಲ್ಲ. ಅಣ್ಣನ ಕಡೆ ಆವಾಗ ಮೊಬೈಲಿಲ್ಲ. ಶಬ್ಬೀರ ಸೈಕಲ್ ಹತ್ತಿ ಹೊಳಿಗೆ ಹೋದ. ಪ್ರಕಾಶ ಎಸ್.ಟಿ.ಡಿ. ಅಂಗಡಿಗೆ ಓಡಿದ, ಆಚೀ ಊರಿಗೆ ಲೈನ್ ಹತ್ತಲಿಲ್ಲ. ವೈನಿ ಹೊಚ್ಚಲದ ಮ್ಯಾಲ ಕುಂತ್ಳು. ಹೊಚ್ಚಲದ ಮ್ಯಾಲ ಯಾರರೆ ಕುಂತ್ರ ಅವ್ವ ಬೈತಿದ್ಳು, ಆವತ್ತ ಬೈಲಿಲ್ಲ. ಶಬ್ಬೀರ ಹೊಳ್ಳಿ ಬಂದು ತಲಿ ತಗ್ಗಿಸಿದ: ದೋಣಿ ಸೆಳವಿಗೆ ಸಿಕ್ಕು ಹರಕೊಂಡು ಹೋತಂತ, ಮುಂದಿಂದು ಯಾರಿಗೂ ತಿಳೀದು. ವೈನಿ ಬಾಯಿ ಸುಮ್ಮನ ಅಲಗಾಡಾಕತ್ತಿತ್ತು. ನಾ ಬಗ್ಗಿ ಕೇಳಿದೆ. “ಕೇಳಲಿಲ್ಲ, ನಾ ಎಷ್ಟು ಆಳ ಐತಿ ಅಂತ ಕೇಳಲಿಲ್ಲ” ಅಂತಿದ್ಳು.

ನನಗ ಅಂಜಿಕಿ ಆತು. ಆಟದ ಅಂಜಿಕಿ ಅಲ್ಲ. ಆಟದ ಅಂಜಿಕ್ಯಾಗ ಒಂದು ರುಚಿ ಇರ್ತೈತಿ, ಇದರಾಗ ಏನೂ ರುಚಿ ಇರಲಿಲ್ಲ. ಇದಕ್ಕ ದಾಳ ಇಲ್ಲ. ಯಾರನ್ನೂ ಏನೂ ಕೇಳಾಕ ಬರಂಗಿಲ್ಲ.

ದೀಪಾ ಹಚ್ಚೂ ಹೊತ್ತಿಗೆ ಅಣ್ಣ ಬಂದ. ಮೈತುಂಬ ರಾಡಿ, ಹೆಗಲ ಮ್ಯಾಲ ಗಂಟಿಲ್ಲ, ಕಾಲಾಗ ಚಪ್ಪಲಿಲ್ಲ. ನಾವೆಲ್ಲ ಓಡಿದ್ವಿ. ವೈನಿ ಎದ್ದು ನಿಂತ್ಳು, ಮತ್ತ ಏನ್ ಮಾಡಿದ್ಳಂತೀರಿ? ಬಾಗಲಕ್ಕ ಎರಡೂ ಕೈ ಅಡ್ಡ ಹಿಡದ್ಳು.

“ಹೋಗೂಮುಂದ ಏನಂದಿದ್ರಿ?”

“ಏನಂದ್ನೇ? ಬಿಡಽ ಒಳಗ, ಥಂಡಿ ಹತ್ತೈತಿ. ದೋಣಿ ಜಾಲಿಕಂಟಿಗೆ ಸಿಕ್ಕೊಂಡು ಉಳದ್ವಿ. ನಡಕೋಂತ ಬಂದೀನಿ.”

“ಇನ್ನೊಮ್ಮೆ ಅನ್ರಿ.”

“ಏನು?”

“ಬಂದೀನಿ ಅನ್ರಿ. ಅದನ್ನ ಅನ್ರಿ.”

ಅಣ್ಣ ಆಕಿ ಮಾರಿ ನೋಡಿದ. ಚ್ಯಾಷ್ಟಿ ಮಾಡಲಿಲ್ಲ. “ಬಂದೀನಿ, ನಿರ್ಮಲಾ” ಅಂದ. ಆಕಿ ಕೈ ಬಿಟ್ಟು ಅಲ್ಲೇ ಕುಸದು ಅತ್ಳು, ಅವ್ವನೂ ಅತ್ಳು. ನಾನೂ ಅತ್ತೆ, ಯಾಕ ಮುಚ್ಚಿಡ್ಲಿ.

ಅಣ್ಣ ಉಂಡು ಮಲಗಿದ ಮ್ಯಾಲ ವೈನಿ ನಮಗ ಒಂದು ಮಾತು ಹೇಳಿದ್ಳು. ಆಕಿ ತವರಮನಿ ಬೀಳಗಿ ಕಡೆ, ಹೊಳಿ ದಂಡಿ ಮ್ಯಾಲ. ಡ್ಯಾಮಿನ ನೀರು ಹಿಂದ ನಿಂತು ಊರು ಮುಳಗೂದಿತ್ತು, ಎಲ್ಲಾರೂ ಮ್ಯಾಲಿನ ಹೊಸ ಪ್ಲಾಟಿಗೆ ಹೊಂಟಿದ್ರು. ಟ್ರ್ಯಾಕ್ಟರಿಗೆ ಸಾಮಾನು ಏರಿಸ್ಯಾದ ಮ್ಯಾಲ ಆಕಿ ಅಜ್ಜಿ ಬಾಗಲಾ ಎಳಕೊಂಡು, ಮನಿಗೆ ಕೈ ಮುಗದು “ಹೊಕ್ಕೀನಿ ಯವ್ವಾ” ಅಂದ್ಳಂತ. “ಅಜ್ಜಿ, ಬರ್ತೀನಿ ಅನಬೇಕು” ಅಂತ ವೈನಿ ಅಂದ್ಳು. “ಬರಂಗಿಲ್ಲಲ್ಲ ಮಗಳ. ಮನಿಗೆ ಸುಳ್ಳು ಹೇಳಬಾರದು” ಅಂದ್ಳಂತ ಅಜ್ಜಿ. “ಆವಾಗ ಖಾಲಿ ಮನಿಯೊಳಗಿಂದ ಅದ ಮಾತು ಹೊಳ್ಳಿ ಬಂತು. ದನಿ ಹೊಳ್ಳಿ ಬರ್ತೈತಿ, ನನಗೇನ್ ಗೊತ್ತಿಲ್ಲೇನು? ಆದ್ರ ನನಗ ಹಂಗ ಕೇಳಸಲಿಲ್ಲ. ಯಾರೋ ಒಳಗ ಬಂದು ಸೇರಿ, ಹೊಕ್ಕೀನಿ ಅಂದಂಗ ಕೇಳಸ್ತು. ಆ ಅಂಜಿಕಿ ನಿಮ್ಮ ಮುಂದ ಕಥಿ ಮಾಡಿ ಹೇಳಿದ್ರ ಕಡಿಮಿ ಆಗ್ತೈತಿ ಅಂದ್ಕೊಂಡೆ. ಜಾಸ್ತಿ ಆತು.” ಅಷ್ಟಂದು ದಾಳ ತಗೊಂಡು ಹೋಗಿ ಜಗಲಿ ಮ್ಯಾಲ ಇಟ್ಳು. ಅವ್ವ ಏನದು ಅಂದ್ರ “ಸ್ಫಟಿಕ, ಪುಣೇದ್ದು” ಅಂದ್ಳು. ನಾ ಕೇಳಿದ್ಹಂಗ ಆಕಿ ಹೇಳಿದ ಸುಳ್ಳು ಅದೊಂದ. ಜಗಲಿ ಮ್ಯಾಲಿಂದ ಎತ್ತಿ ಆಡೂ ಧೈರ್ಯ ಯಾರಿಗೈತಿ? ಆಟ ಅಲ್ಲಿಗೆ ನಿಂತಿತು.

ಆದ್ರ ನನ್ನ ವೀರಕೇಸರಿ ಇನ್ನೂ ಆ ಬಾಗಲದ ಮುಂದ ನಿಂತಾನ್ರಿ. ಎರಡು ಬಿದ್ದ ದಾಳ, ಒಳಗ ನನ್ನ ದನಿ. ವರ್ಷಕ್ಕೊಮ್ಮೆ ಆದ್ರೂ “ವೈನಿ, ಒಳಗ ಯಾರಿದ್ರು? ಹೇಳ್ರಲ್ಲ” ಅಂತ ಕೇಳೀನಿ. “ಹೋಗೋ, ಕೆಲಸಿಲ್ಲ ನಿನಗ” ಅಂತಾಳ. ಮುಚ್ಚಿಡಾಕ ಭಾಗವತಗ ಹಕ್ಕೈತಿ.

ಈಗ ಆಕಿ ಹೊಟ್ಟ್ಯಾಗ ಗಡ್ಡಿ. ಡಾಕ್ಟರು “ತಗದು ನೋಡಬೇಕ್ರಿ, ಈಗ ಏನೂ ಹೇಳಾಕ ಬರಂಗಿಲ್ಲ” ಅಂದಾರ. ಒಂದು ವಾರದಿಂದ ಆಕಿ ಬಾಯಿ ಬಂದ್. ಮಾತಾಡಿಸಾಕ ಬಂದ ಬಾಜೂ ಮನಿಯವರಿಗೆ “ನಾಳೆ ಬೆಳಗಾವಿರಿ” ಅಂದ್ಳು, ಅಷ್ಟ. ಹೋಗಿ ಬರ್ತೀನಿ ಅನಲಿಲ್ಲ. ನಾ ದಾಳ ಒರಸ್ಕೋಂತ ಒಳಗ ನಿಂತು ಕೇಳಿದೆ. ನನ್ನ ಅಂಜಿಕಿ ಏನಂತ ಈಗ ನಿಮಗ ತಿಳೀತಲ್ಲ.

ಇಲ್ಲಿತನಕ ನಿನ್ನೆ ಬರದಿಟ್ಟು ಮಲಗಿದ್ದೆ. ಇವತ್ತ ಮುಂಜಾನೆ ಗಾಡಿ ಬಂತು. ಅಣ್ಣ ಚೀಲಾ ಇಟ್ಟು ಮುಂದ ಕುಂತ. ಅವ್ವ ಮಸರು ಸಕ್ಕರಿ ಆಕಿ ಅಂಗೈಯಾಗ ಹಾಕಿದ್ಳು. ವೈನಿ ತಿಂದ್ಳು, ಅವ್ವನ ಕಾಲಿಗೆ ಬಿದ್ಳು, ಹೊಚ್ಚಲಾ ದಾಟಿ ನಿಂತ್ಳು. “ಹೋಗಿ ಬರ್ತೀನಿ ಅನ್ನವ್ವ” ಅಂದ್ಳು ಅವ್ವ. ವೈನಿ ಬಾಯಿ ತಗದ್ಳು, ಮುಚ್ಚಿದ್ಳು. “ಅನ್ನಽ ತಾಯಿ, ಹೊತ್ತಾಗ್ತೈತಿ.” ವೈನಿ ತಿರುಗಿ ಮನಿ ನೋಡಿದ್ಳು, ಬಾಗಲಾ ನೋಡಿದ್ಳು. ಮನಿಗೆ ಸುಳ್ಳು ಹೇಳಬಾರದು. ಬರ್ತೀನೋ ಇಲ್ಲೋ ಆಕಿಗೇ ಗೊತ್ತಿಲ್ಲ, ಅದಕ್ಕ ಅನಾಕ ಆಗವಲ್ದು. ಅಣ್ಣನ ಮಾರಿ ಆ ದೋಣಿ ದಿನದ ವೈನಿ ಮಾರಿ ಆಗಿತ್ತು. ಇನ್ನೊಂದು ಗಳಿಗಿ ಹಂಗ ಬಿಟ್ರ ಆಕಿ ಆ ಇನ್ನೊಂದು ಮಾತು ಅಂದಬಿಡ್ತಾಳ ಅಂತ ನನಗ ಅನಸ್ತು.

“ವೈನಿ!” ಅಂತ ಕೂಗಿದೆ. ಏನ್ ಹೇಳಬೇಕು ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಕೇಳಿದೆ: “ಆ ಬಾಗಲದ ಹಿಂದ ಯಾರಿದ್ರು?”

ಆಕಿ ನನ್ನ ನೋಡಿದ್ಳು. ವಾರದ ಮ್ಯಾಲ ಮೊದಲನೇ ಸಲ ಆಕಿ ತುಟಿ ನಗಿಗೆ ಓರಿ ಆತು. “ಈಗ ಕೇಳ್ತಿಯೇನಲೇ, ಹುಚ್ಚಪ್ಯಾಲಿ? ಬಂದ ಮ್ಯಾಲ ಹೇಳ್ತೀನಿ” ಅಂದ್ಳು.

ಅಂದಾದ ಮ್ಯಾಲ ತಾನ ಏನಂದೆ ಅನ್ನೂದು ಆಕಿಗೆ ಕೇಳಸ್ತು. ಗಾಡಿ ಬಾಗಲಾ ಹಿಡದ ಕೈ ಹಂಗ ನಿಂತಿತು. ಆಮ್ಯಾಲ ಹತ್ತಿ ಕುಂತ್ಳು. ಅವ್ವ ಕಣ್ಣೊರಸ್ಕೊಂಡು “ಆತು, ನಡೀರಿ, ನಡೀರಿ” ಅಂದ್ಳು.

ಗಾಡಿ ಓಣಿ ದಾಟಿದ ಮ್ಯಾಲ ನಾ ಸುಮ್ಮನ ಇರಲಾರದ ಕಸಬರಿಗಿ ಹಿಡದೆ. ಅವ್ವ ಕಸಗೊಂಡ್ಳು. ಮಂದಿ ಊರಿಗೆ ಹೊಂಟ ಕೂಡ್ಲೇ ಕಸಾ ಹೊಡಿಬಾರದು. ಮನಿ ಹಂಗ ಐತಿ, ಆಕಿ ಕಾಲಾಗಿನ ಧೂಳ ಸುದ್ದಾ ಹೊಚ್ಚಲದ ಮ್ಯಾಲ ಹಂಗ ಐತಿ. ಮಗ್ಗ ಬಂದ್ ಇಟ್ಟೀನಿ, ಫೋನು ಬಂದ್ರ ಕೇಳಬೇಕಲ್ಲ. ಇನ್ನೂ ಬಂದಿಲ್ಲ. ಶೆಡ್ಡಿನ್ಯಾಗ ಆ ಹಳೇ ಮಧ್ಯಾಹ್ನದಂಗ ಒಂದು ಸಪ್ಪಳಿಲ್ಲ, ನನ್ನ ಉಸರು ನನಗ ಕೇಳಾಕತ್ತೈತಿ, ಅಂಜಿಕಿ ಹೋಗಿಲ್ಲ. ಆದ್ರ ಭಾಗವತ ಸುಳ್ಳು ಹೇಳಂಗಿಲ್ಲ. ಆ ಬಾಗಲದ ಹಿಂದ ಯಾರರೆ ಇರಲಿ, ಅದು ನನಗ ಈಗ ಬೇಕಾಗಿಲ್ಲ. ಆಕಿ ಬಂದು ಹೇಳಬೇಕು, ಅಷ್ಟ.